ಎರಡು ಹೊಡೆತದ ಎಂಜಿನು: ಹಳೆಯ ಮೋಟಾರುಸೈಕಲ್ಲಿನ ಪಾಲನೆ ಮತ್ತು ಮಾರ್ಪಾಟು

ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಬೀದಿಗಳಲ್ಲಿ ಸಂಜೆಯ ಹೊತ್ತು ನಿಂತವರಿಗೆ, ಅನೇಕ ವಾಹನಗಳ ಸದ್ದಿನ ನಡುವೆ ಒಂದು ಸದ್ದು ಬೇರೆಯಾಗಿಯೇ ಕೇಳಿಬರುವುದುಂಟು. ಉಳಿದ ಮೋಟಾರುಸೈಕಲ್ಲುಗಳು ಗುಡುಗುಡಿಸುತ್ತ ಸಾಗಿದರೆ, ಇದು ಸೀಳುದನಿಯಲ್ಲಿ ಏರುತ್ತ ಹೋಗುತ್ತದೆ. ತನ್ನ ಹಿಂದೆ ತೆಳುವಾದ ನೀಲಿಹೊಗೆಯನ್ನೂ ಸುಟ್ಟ ಎಣ್ಣೆಯ ವಾಸನೆಯನ್ನೂ ಬಿಟ್ಟುಹೋಗುತ್ತದೆ. ಅದು ಬಹುಮಟ್ಟಿಗೆ ಯಾಮಹಾ ಆರ್.ಎಕ್ಸ್. 100 ಎಂಬ ಹಳೆಯ ವಾಹನವಾಗಿರುತ್ತದೆ. ಜಪಾನಿನ ಯಾಮಹಾ ಸಂಸ್ಥೆಯ ವಿನ್ಯಾಸವನ್ನು ಅನುಸರಿಸಿ ನಮ್ಮ ದೇಶದ ಎಸ್ಕಾರ್ಟ್ಸ್ ಸಂಸ್ಥೆಯು 1985ರಿಂದ 1996ರ ವರೆಗೆ ಇದನ್ನು ತಯಾರಿಸಿತು. ತಯಾರಿಕೆ ನಿಂತು ಒಂದು ತಲೆಮಾರೇ ಕಳೆದಿದೆ. ಆದರೂ ನಗರದಲ್ಲಿಯೂ ಟಿಕೋಟಾ, ಬಬಲೇಶ್ವರಗಳ ಕಡೆಯ ಊರುಗಳಲ್ಲಿಯೂ ತಂದೆ ಕೊಂಡ ಗಾಡಿಯನ್ನು ಮಗನು ಒರೆಸಿ, ತಿದ್ದಿ, ಓಡಿಸುವುದನ್ನು ಇಂದಿಗೂ ಕಾಣಬಹುದು.

ಇಂಥ ಗಾಡಿ ಕೈಗೆ ಬಂದ ತರುಣರು ಮೊದಲು ಮಾಡಬಯಸುವುದೇನು? ಸೈಲೆನ್ಸರನ್ನು ಬದಲಾಯಿಸುವುದು, ಇಲ್ಲವೆ ಅದರೊಳಗಿನ ತಡೆಗೊಳವೆಯನ್ನು ಕಿತ್ತು ಸದ್ದು ಹೆಚ್ಚಿಸುವುದು. ಮತ್ತೂ ಉತ್ಸಾಹವಿದ್ದರೆ ಸಿಲಿಂಡರಿನ ದ್ವಾರಗಳನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿಸುವುದು. ಹೀಗೆ ಮಾಡಿದರೆ ಶಕ್ತಿ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಯಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ಬಲದಿಂದಲೇ ವಿಚಾರಮಾಡಿ ನೋಡೋಣ.

ಕವಾಟಗಳಿಲ್ಲದ ಎಂಜಿನು

ಈ ವಾಹನದ ಸಿಲಿಂಡರಿನ ಒಳವ್ಯಾಸ 50 ಮಿಲಿಮೀಟರು. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಚಲಿಸುವ ದೂರವೂ 50 ಮಿಲಿಮೀಟರು. ಇಷ್ಟರಿಂದಲೇ ಅದರ ಗಾತ್ರವನ್ನು ಲೆಕ್ಕಹಾಕಬಹುದು. ತ್ರಿಜ್ಯ 2.5 ಸೆಂಟಿಮೀಟರು; ಅದರ ವರ್ಗವನ್ನು 3.1416ರಿಂದಲೂ ಎತ್ತರವಾದ 5ರಿಂದಲೂ ಗುಣಿಸಿದರೆ ಸುಮಾರು 98 ಘನ ಸೆಂಟಿಮೀಟರು ಬರುತ್ತದೆ. ಒಂದು ಚಹದ ಲೋಟದಷ್ಟು ಎಡೆ! ಇಷ್ಟು ಸಣ್ಣ ಎಡೆಯಿಂದ, ನಿಮಿಷಕ್ಕೆ 7,500 ಸುತ್ತುಗಳ ವೇಗದಲ್ಲಿ, 11 ಅಶ್ವಶಕ್ತಿ ಹೊರಬರುತ್ತದೆ. ಗಾಡಿಯ ತೂಕವಾದರೋ ಸುಮಾರು 100 ಕಿಲೋಗ್ರಾಂ ಮಾತ್ರ. ಅದರ ಚುರುಕಿಗೆ ಇದೇ ಕಾರಣ.

ಇಂದಿನ ಸಾಮಾನ್ಯ ಮೋಟಾರುಸೈಕಲ್ಲಿನ ಎಂಜಿನು ನಾಲ್ಕು ಹೊಡೆತದ್ದು. ಮಿಶ್ರಣವನ್ನು ಒಳಗೆಳೆಯುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದೂಡುವುದು ಎಂಬ ನಾಲ್ಕು ಕೆಲಸಗಳಿಗೆ ಪಿಸ್ಟನ್ನು ನಾಲ್ಕು ಬಾರಿ ಚಲಿಸುತ್ತದೆ. ಎರಡು ಸುತ್ತಿಗೆ ಒಂದು ಬಾರಿ ಉರಿ ಏಳುತ್ತದೆ. ಎರಡು ಹೊಡೆತದ ಎಂಜಿನು ಇದೇ ಕೆಲಸವನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಇದರ ತಲೆಯಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿಯೇ ದ್ವಾರಗಳಿವೆ. ಪಿಸ್ಟನ್ನೇ ಏರಿಳಿಯುತ್ತ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ.

ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಒತ್ತಡ ಕುಗ್ಗಿ, ಪೆಟ್ರೋಲು ಮತ್ತು ಗಾಳಿಗಳ ಮಿಶ್ರಣ ಒಳನುಗ್ಗುತ್ತದೆ. ಮೇಲೆ ಕಿಡಿ ಹಾರಿ ಉರಿಯೆದ್ದು ಪಿಸ್ಟನ್ನು ಕೆಳಗಿಳಿಯುವಾಗ ಮೊದಲು ಹೊಗೆಯ ದ್ವಾರ ತೆರೆಯುತ್ತದೆ. ಅನಂತರ ಪಕ್ಕದ ದ್ವಾರಗಳು ತೆರೆದು, ಕೆಳಗೆ ಒತ್ತಲ್ಪಟ್ಟಿದ್ದ ಹೊಸ ಮಿಶ್ರಣ ಮೇಲಕ್ಕೆ ಚಿಮ್ಮುತ್ತದೆ. ಕ್ರ್ಯಾಂಕ್ ಪೆಟ್ಟಿಗೆಯು ಹೀಗೆ ಮಿಶ್ರಣದ ಹಾದಿಯಾಗಿರುವುದರಿಂದ ಅಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲ. ಆದುದರಿಂದ ಒಳಭಾಗಗಳಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲಿಯೇ ಬಂದು, ಕೆಲಸ ಮುಗಿಸಿ, ಉರಿದುಹೋಗಬೇಕು. ನೀಲಿಹೊಗೆಯ ಗುಟ್ಟು ಇದೇ.

ಮಿಶ್ರಣವು ಬಂದ ದಾರಿಯಲ್ಲಿಯೇ ಕಾರ್ಬ್ಯುರೇಟರಿಗೆ ಹಿಂದಿರುಗದಂತೆ ತಡೆಯಲು ಒಳದಾರಿಯಲ್ಲಿ ತೆಳುವಾದ ನಾಲಗೆಗಳನ್ನು ಇಟ್ಟಿರುತ್ತಾರೆ. ಒಳಗೆ ಒತ್ತಡ ಕುಗ್ಗಿದಾಗ ಅವು ಬಾಗಿ ದಾರಿ ಬಿಡುತ್ತವೆ. ಹೆಚ್ಚಿದಾಗ ಕೂಡಲೆ ಮುಚ್ಚಿಕೊಳ್ಳುತ್ತವೆ. ಹಾರ್ಮೋನಿಯಮ್ಮನ್ನು ಬಿಚ್ಚಿ ನೋಡಿದವರಿಗೆ ಇದು ಅಪರಿಚಿತವೆನಿಸದು. ಗಾಳಿಗೆ ಮಣಿಯುವ ಹಿತ್ತಾಳೆಯ ನಾಲಗೆಗಳೇ ಅಲ್ಲಿ ಸ್ವರ ಹುಟ್ಟಿಸುತ್ತವೆ. ಈ ಹೋಲಿಕೆಗೆ ಚರಿತ್ರೆಯ ನಂಟೂ ಉಂಟು. ತೊರಾಕುಸು ಯಾಮಹಾ ಎಂಬಾತನು 1887ರಲ್ಲಿ ಜಪಾನಿನ ಹಮಾಮಾತ್ಸು ಊರಿನ ಶಾಲೆಯೊಂದರಲ್ಲಿ ಕೆಟ್ಟಿದ್ದ, ಇಂಥ ನಾಲಗೆಗಳಿರುವ ಆರ್ಗನ್ ವಾದ್ಯವನ್ನು ಸರಿಪಡಿಸಿದುದೇ ಆ ಸಂಸ್ಥೆಯ ಮೂಲ. ವಾದ್ಯ ತಯಾರಕರಾಗಿ ಬೆಳೆದವರು 1955ರಲ್ಲಿ ಮೋಟಾರುಸೈಕಲ್ಲಿಗೆ ಕೈಹಾಕಿದರು. ಅವರ ಮುದ್ರೆಯಲ್ಲಿ ಇಂದಿಗೂ ಮೂರು ಶ್ರುತಿಕವೆಗಳಿವೆ.

ಗೋಲಗುಮ್ಮಟವೂ ಹೊಗೆಕೊಳವೆಯೂ

ಈಗ ಒಂದು ಸಂದೇಹ ಬರಬೇಕು. ಹೊಸ ಮಿಶ್ರಣ ಒಳಬರುವಾಗ ಹೊಗೆಯ ದ್ವಾರ ಇನ್ನೂ ತೆರೆದೇ ಇರುತ್ತದೆ. ಅಷ್ಟೇ ಅಲ್ಲ, ಪಿಸ್ಟನ್ನು ಮೇಲೇರುವಾಗ ಮಿಶ್ರಣದ ದ್ವಾರಗಳು ಮುಚ್ಚಿದ ಮೇಲೆಯೇ ಹೊಗೆಯ ದ್ವಾರ ಮುಚ್ಚುತ್ತದೆ. ಹಾಗಿದ್ದರೆ ಹೊಸ ಮಿಶ್ರಣದ ಒಂದು ಭಾಗ ಉರಿಯದೆಯೇ ಹೊರಕ್ಕೆ ಸೋರಿಹೋಗದೆ? ಹೋಗುತ್ತದೆ. ಇದೇ ಈ ಎಂಜಿನಿನ ಹುಟ್ಟುದೋಷ. ಉರಿಯದ ಪೆಟ್ರೋಲಿನ ಆವಿ ಗಾಳಿಯನ್ನು ಕೆಡಿಸುವುದರಿಂದಲೇ, ಹೊಗೆಯ ನಿಯಮಗಳು ಬಿಗಿಯಾದಂತೆ ಇಂಥ ಎಂಜಿನುಗಳು ರಸ್ತೆಯಿಂದ ಮರೆಯಾದವು. ಆದರೆ ಈ ಸೋರಿಕೆಯನ್ನು ಬಹುಮಟ್ಟಿಗೆ ತಡೆಯುವ ಒಂದು ಜಾಣ ಉಪಾಯವಿದೆ. ಅದು ಅಡಗಿರುವುದು ಎಂಜಿನಿನಲ್ಲಲ್ಲ, ಹೊಗೆಕೊಳವೆಯಲ್ಲಿ.

ಅದನ್ನು ತಿಳಿಯಲು ನಮ್ಮ ಊರಿನ ಗೋಲಗುಮ್ಮಟವನ್ನು ನೆನೆಯೋಣ. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಒಂದು ಬದಿಯಲ್ಲಿ ಚಪ್ಪಾಳೆ ತಟ್ಟಿದರೆ ಧ್ವನಿಯ ಅಲೆ ಎದುರು ಗೋಡೆಗೆ ಬಡಿದು ಮರಳುತ್ತದೆ. ಹೋಗಿಬರುವ ದೂರ 76 ಮೀಟರು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಆದುದರಿಂದ ಅಲೆ ಮರಳಲು ಒಂದು ಸೆಕೆಂಡಿನ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಕಾಲ ಬೇಕು. ಹೊಗೆಯ ದ್ವಾರ ತೆರೆದೊಡನೆ ಹೊರನುಗ್ಗುವ ಒತ್ತಡದ ಅಲೆಯೂ ಇಂಥದೇ ಒಂದು ಚಪ್ಪಾಳೆ. ಅದೂ ಕೊಳವೆಯಲ್ಲಿ ಓಡುತ್ತದೆ, ಬಡಿಯುತ್ತದೆ, ಮರಳುತ್ತದೆ.

ಅನುರಣನ ಕೊಳವೆಯ ಪ್ರಯೋಗ ಮಾಡಿದವರಿಗೆ ಮುಂದಿನದು ಸುಲಭ. ಮುಚ್ಚಿದ ತುದಿಗೆ ಬಡಿದ ಒತ್ತಡದ ಅಲೆ ಒತ್ತಡವಾಗಿಯೇ ಮರಳುತ್ತದೆ. ತೆರೆದ ತುದಿಯನ್ನು ತಲುಪಿದ್ದು ಸೆಳೆತವಾಗಿ ಮರಳುತ್ತದೆ. ಕೊಳವೆಯನ್ನು ಮೊದಲು ಕ್ರಮವಾಗಿ ಅಗಲಿಸಿದರೆ ಅದು ತೆರೆದ ತುದಿಯಂತೆ ವರ್ತಿಸಿ ಸೆಳೆತವನ್ನು ಹಿಂದಕ್ಕೆ ಕಳುಹಿಸುತ್ತದೆ. ಈ ಸೆಳೆತ ಸಿಲಿಂಡರಿನ ಹೊಗೆಯನ್ನು ಈಚೆಗೆಳೆದು ಹೊಸ ಮಿಶ್ರಣಕ್ಕೆ ಎಡೆ ಮಾಡಿಕೊಡುತ್ತದೆ. ಮುಂದೆ ಕೊಳವೆಯನ್ನು ಕಿರಿದುಗೊಳಿಸಿದರೆ ಅದು ಮುಚ್ಚಿದ ತುದಿಯಂತೆ ವರ್ತಿಸಿ ಒತ್ತಡವನ್ನು ಹಿಂದಕ್ಕೆ ಕಳುಹಿಸುತ್ತದೆ. ಈ ಒತ್ತಡ ಸೋರಿಹೋಗುತ್ತಿದ್ದ ಮಿಶ್ರಣವನ್ನು ದ್ವಾರ ಮುಚ್ಚುವ ಕೊನೆಯ ಕ್ಷಣದಲ್ಲಿ ಒಳಕ್ಕೆ ದೂಡುತ್ತದೆ. ಲೋಹದ ಕವಾಟವಿಲ್ಲದ ಎಂಜಿನಿಗೆ ಧ್ವನಿಯ ಅಲೆಯೇ ಕವಾಟವಾಗುತ್ತದೆ.

ಅಲೆ ಸರಿಯಾದ ಹೊತ್ತಿಗೆ ಮರಳುವುದೇ? ಲೆಕ್ಕಮಾಡೋಣ. ನಿಮಿಷಕ್ಕೆ 7,500 ಸುತ್ತೆಂದರೆ ಸೆಕೆಂಡಿಗೆ 125 ಸುತ್ತು. ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ 8 ಪಾಲು. ಹೊಗೆಯ ದ್ವಾರ ಸ್ಥೂಲವಾಗಿ ಅರ್ಧ ಸುತ್ತಿನಷ್ಟು ಕಾಲ ತೆರೆದಿರುತ್ತದೆಂದರೆ 4 ಪಾಲು. ಕಾದ ಹೊಗೆಯಲ್ಲಿ ಧ್ವನಿಯ ವೇಗ ಹೆಚ್ಚು, ಸೆಕೆಂಡಿಗೆ ಸುಮಾರು 500 ಮೀಟರು. ಆ ಕಾಲದಲ್ಲಿ ಅಲೆ ಕ್ರಮಿಸುವ ದೂರ 2 ಮೀಟರು. ಹೋಗಲು ಒಂದು, ಬರಲು ಒಂದು. ಆದುದರಿಂದ ಅಲೆ ಬಡಿದು ಮರಳುವ ಜಾಗ ದ್ವಾರದಿಂದ ಒಂದು ಮೀಟರಿನ ಆಸುಪಾಸಿನಲ್ಲಿ, ತುಸು ಈಚೆಗೇ, ಇರಬೇಕು. ಗಾಡಿಯ ಸೈಲೆನ್ಸರನ್ನು ನೋಡಿರಿ: ಅದರ ಅಳತೆ ಈ ಲೆಕ್ಕಕ್ಕೆ ಹೊಂದುವಂತೆಯೇ ಇದೆ. ಅದು ಬರಿಯ ಅಲಂಕಾರವಲ್ಲ, ಸದ್ದಡಗಿಸುವ ಡಬ್ಬಿ ಮಾತ್ರವೂ ಅಲ್ಲ. ಎಂಜಿನಿನ ಒಂದು ಅಂಗ.

ಈ ವಿದ್ಯೆಯನ್ನು ಪಕ್ವಗೊಳಿಸಿದವನು ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್. 1961ರ ವೇಳೆಗೆ ಆತನು 125 ಘನ ಸೆಂಟಿಮೀಟರಿನ ಪಂದ್ಯದ ಎಂಜಿನಿನಿಂದ 25 ಅಶ್ವಶಕ್ತಿ ಪಡೆದಿದ್ದನು. ಅದೇ ವರ್ಷ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ಆ ಕಾರ್ಖಾನೆಯ ಸವಾರ ಅರ್ನ್‌ಸ್ಟ್ ಡೆಗ್ನರನು ದೇಶವನ್ನು ತೊರೆದು, ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿದನು. ಮರುವರ್ಷವೇ ಸುಜುಕಿ 50 ಘನ ಸೆಂಟಿಮೀಟರಿನ ವರ್ಗದಲ್ಲಿ ವಿಶ್ವವಿಜೇತ ಪದವಿಯನ್ನು ಪಡೆಯಿತು. ಒಬ್ಬ ಸವಾರನು ಕೊಂಡೊಯ್ದ ಮುಖ್ಯ ಸಂಪತ್ತು ಕೊಳವೆಯ ಆಕಾರದ ಜ್ಞಾನ! ತರುಣರು ಸುತ್ತಿಗೆಯಿಂದ ಬಡಿದು ಬದಲಾಯಿಸುತ್ತಿರುವುದು ಇಂಥ ವಸ್ತುವನ್ನು.

ಮಾರ್ಪಾಟಿನ ಮಿತಿ

ಸೈಲೆನ್ಸರಿನ ಒಳಗಿನ ತಡೆಗೊಳವೆಯನ್ನು ಕಿತ್ತರೆ ಸದ್ದು ಹೆಚ್ಚುವುದು ನಿಶ್ಚಯ. ಆದರೆ ಸದ್ದೇ ಶಕ್ತಿಯಲ್ಲ. ಒಂದು ಮೀಟರು ದೂರದಲ್ಲಿ 100 ಡೆಸಿಬೆಲ್ ಅಳೆಯುವ, ಕಿವಿ ಮುಚ್ಚಿಕೊಳ್ಳಬೇಕೆನಿಸುವ ಸದ್ದನ್ನು ತೆಗೆದುಕೊಳ್ಳಿ. ಅಲ್ಲಿ ಒಂದು ಚದರ ಮೀಟರಿಗೆ ಬೀಳುವ ಧ್ವನಿಶಕ್ತಿ 0.01 ವಾಟು. ಸದ್ದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದೆಯೆಂದು ಎಣಿಸಿದರೆ ಒಟ್ಟು ಸುಮಾರು 0.13 ವಾಟು ಮಾತ್ರ. ಎಂಜಿನಿನ 11 ಅಶ್ವಶಕ್ತಿಯಾದರೋ 8,000 ವಾಟಿಗೂ ಮಿಗಿಲು. ಬೀದಿಯನ್ನೆಲ್ಲ ನಡುಗಿಸುವ ಸದ್ದು ಎಂಜಿನಿನ ಲೆಕ್ಕದಲ್ಲಿ ಚಿಲ್ಲರೆಯೂ ಅಲ್ಲ. ಮಲಗಿರುವ ರೋಗಿಗೂ ತೊಟ್ಟಿಲ ಕೂಸಿಗೂ ಮಾತ್ರ ಅದು ದೊಡ್ಡ ಮೊತ್ತ.

ದ್ವಾರವನ್ನು ಉಜ್ಜುವ ಮಾತು ಇನ್ನೂ ಗಂಭೀರವಾದುದು. ಹೊಗೆಯ ದ್ವಾರವನ್ನು ಮೇಲಕ್ಕೆ ಎತ್ತರಿಸಿದರೆ ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಅತಿವೇಗದ ಸುತ್ತಿನಲ್ಲಿ ಇದರಿಂದ ಶಕ್ತಿ ಹೆಚ್ಚಬಹುದು, ನಿಜ. ಆದರೆ ಹಳೆಯ ಕೊಳವೆಯ ಅಳತೆ ಆಗ ಹೊಂದುವುದಿಲ್ಲ; ಸಾಮಾನ್ಯ ವೇಗದಲ್ಲಿ ಎಳೆತ ಕುಗ್ಗುತ್ತದೆ, ಪೆಟ್ರೋಲು ಸೋರುತ್ತದೆ. ಸಂತೆಗೆ ಹೋಗಿಬರುವ, ಇಬ್ಬರನ್ನು ಹೊತ್ತು ಹೊಲದ ದಾರಿ ಏರುವ ಗಾಡಿಗೆ ಬೇಕಾದುದು ಸಾಮಾನ್ಯ ವೇಗದ ಎಳೆತವೇ ಅಲ್ಲವೆ? ಎಲ್ಲಕ್ಕೂ ಮಿಗಿಲಾಗಿ, ಅರದಿಂದ ಹೋದ ಲೋಹ ಮರಳಿ ಬಾರದು. ಸವೆದ ಸಿಲಿಂಡರನ್ನು ಕೊರೆಯಿಸಿ ದೊಡ್ಡ ಪಿಸ್ಟನ್ನು ಹಾಕಿಸುವುದುಂಟು. ಸಾಮಾನ್ಯವಾಗಿ ಒಂದೊಂದು ಸಲಕ್ಕೆ 0.25 ಮಿಲಿಮೀಟರಿನಂತೆ ನಾಲ್ಕು ಸಲ, ಅಂದರೆ ಒಟ್ಟು ಒಂದು ಮಿಲಿಮೀಟರು. ಅಲ್ಲಿಗೆ ಗೋಡೆಯ ಆಯುಷ್ಯ ಮುಗಿಯಿತು. ಮೂಲ ತಯಾರಿಕೆ 1996ರಲ್ಲಿಯೇ ನಿಂತಿರುವಾಗ, ಈ ಒಂದು ಮಿಲಿಮೀಟರು ಮನೆತನಕ್ಕೆ ಉಳಿದ ಆಸ್ತಿಯಿದ್ದಂತೆ. ಅದನ್ನು ಖರ್ಚುಮಾಡುವ ಮೊದಲು ಯೋಚಿಸಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿರ್ದೇಶಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ದೃಢಪಡಿಸಿತು. ಹಳೆಯ ವಾಹನಗಳಿಗಾಗಿ 2021ರಲ್ಲಿ ಪ್ರತ್ಯೇಕ ನಿಯಮಗಳು ಬಂದವಾದರೂ, ಅವು 50 ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳಿಗೆ ಮಾತ್ರ. 1985ರ ಗಾಡಿಗೆ ಆ ಯೋಗ್ಯತೆ ಬರುವುದು 2035ರಲ್ಲಿ; ಅದೂ ಮೂಲರೂಪ ಕೆಡದಿದ್ದರೆ. ಹಾಗೆಂದು ಕೈಗೆ ಕೆಲಸವೇ ಇಲ್ಲವೆಂದಲ್ಲ. ತುಕ್ಕು ತೆಗೆಯುವುದು, ಮೂಲ ಬಣ್ಣವನ್ನೇ ಅಂದವಾಗಿ ಬಳಿಯುವುದು, ಆಸನಕ್ಕೆ ಹೊಸ ಹೊದಿಕೆ ಹೊಲಿಸುವುದು, ಕ್ರೋಮ್ ಭಾಗಗಳಿಗೆ ಹೊಳಪು ಕೊಡುವುದು, ಹಳೆಯ ತಂತಿಗಳನ್ನು ಬದಲಾಯಿಸುವುದು ಇವೆಲ್ಲ ಕೌಶಲ್ಯದ ಕೆಲಸಗಳೇ, ಯಂತ್ರಕ್ಕೆ ಕೇಡಿಲ್ಲ.

ಮನೆಯಲ್ಲಿ ಮಾಡತಕ್ಕ ಪಾಲನೆ

ಹಳೆಯ ಎಂಜಿನಿಗೆ ಮೂರು ಶತ್ರುಗಳು: ಧೂಳು, ಕಾವು, ಮಸಿ.

ಧೂಳು. ಬೇಸಿಗೆಯಲ್ಲಿ ನಮ್ಮ ಕಡೆಯ ಮಣ್ಣಿನ ದಾರಿಗಳಲ್ಲಿ ಏಳುವ ಧೂಳಿನಲ್ಲಿ ಉಕ್ಕಿಗೂ ಗೀರುಹಾಕಬಲ್ಲ ಗಟ್ಟಿ ಕಣಗಳಿರುತ್ತವೆ. ಅವು ಎಣ್ಣೆಯೊಡನೆ ಬೆರೆತರೆ ಸಾಣೆಯ ಪುಡಿಯಂತೆ ಸಿಲಿಂಡರನ್ನು ಸವೆಸುತ್ತವೆ. ಆದುದರಿಂದ ಗಾಳಿಯ ಶೋಧಕವನ್ನು ತೆಗೆದೊಗೆಯುವುದು ಆತ್ಮಘಾತವೇ ಸರಿ. ಸ್ಪಂಜಿನ ಶೋಧಕವಾದರೆ ಸಾಬೂನಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಕೆಲವು ಹನಿ ಎಣ್ಣೆ ಹಾಕಿ ಹಿಂಡಿ ಕೂಡಿಸಬೇಕು. ಶೋಧಕದಿಂದ ಕಾರ್ಬ್ಯುರೇಟರಿನ ವರೆಗಿನ ರಬ್ಬರು ಬಿರಿದಿದೆಯೇ ಎಂದೂ ನೋಡಬೇಕು.

ಕಾವು. ಪಿಸ್ಟನ್ನಿನ ಅಲ್ಯೂಮಿನಿಯಮ್ ಮಿಶ್ರಲೋಹ ಒಂದು ಡಿಗ್ರಿಗೆ ತನ್ನ ಅಳತೆಯ ಲಕ್ಷದಲ್ಲಿ ಸುಮಾರು 2 ಪಾಲಿನಷ್ಟು ಹಿಗ್ಗುತ್ತದೆ. 50 ಮಿಲಿಮೀಟರಿನ ಪಿಸ್ಟನ್ನು ವಾಡಿಕೆಗಿಂತ 100 ಡಿಗ್ರಿ ಹೆಚ್ಚು ಕಾದರೆ 0.1 ಮಿಲಿಮೀಟರು ಹಿಗ್ಗುತ್ತದೆ. ಅದಕ್ಕೂ ಸಿಲಿಂಡರಿಗೂ ನಡುವೆ ಬಿಟ್ಟಿರುವ ತೆರಪು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಸಿಲಿಂಡರಿನ ಬೀಡುಕಬ್ಬಿಣವಾದರೋ ಅಷ್ಟು ಹಿಗ್ಗುವುದಿಲ್ಲ. ಆಗ ಎಣ್ಣೆಯ ಪೊರೆ ಹರಿದು ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಇದನ್ನೇ ಎಂಜಿನು ಸೀಜ್ ಆಯಿತೆನ್ನುವುದು. ಓಡುತ್ತಿರುವಾಗ ಹೀಗಾದರೆ ಹಿಂದಿನ ಗಾಲಿ ತಟ್ಟನೆ ನಿಂತು ಸವಾರನು ಬೀಳುತ್ತಾನೆ. ಎಳೆತ ಇದ್ದಕ್ಕಿದ್ದಂತೆ ಕುಗ್ಗಿ ಎಂಜಿನು ಬಿಗಿದಂತಾದರೆ ಆ ಕ್ಷಣವೇ ಕ್ಲಚ್ಚನ್ನು ಹಿಡಿಯಬೇಕು. ಈ ಒಂದು ಮಾತು ಪ್ರಾಣ ಉಳಿಸಬಲ್ಲುದು.

ಅತಿಕಾವಿಗೆ ಕಾರಣ ಎರಡು: ಎಣ್ಣೆಯ ಕೊರತೆ, ಪೆಟ್ರೋಲಿನ ಕೊರತೆ. ಎಣ್ಣೆಯ ಪಂಪನ್ನು ತೆಗೆದು ಪೆಟ್ರೋಲಿನಲ್ಲಿಯೇ ಬೆರೆಸುವವರು ಅಂದಾಜಿನಲ್ಲಿ ಸುರಿಯಬಾರದು, ಅಳತೆಯ ಲೋಟವಿರಲಿ. 40ಕ್ಕೆ 1ರಂತೆ ಬೆರೆಸುವುದಾದರೆ ಲೀಟರಿಗೆ 25 ಮಿಲಿಲೀಟರು, 50ಕ್ಕೆ 1ರಂತೆ ಆದರೆ 20 ಮಿಲಿಲೀಟರು. ಯಾವುದು ತಕ್ಕುದೆಂಬುದನ್ನು ಎಣ್ಣೆಯ ಡಬ್ಬಿ ಮತ್ತು ತಯಾರಕರ ಕೈಪಿಡಿ ನೋಡಿ ತಿಳಿಯಬೇಕು. ಎರಡನೆಯ ಕಾರಣ ಇತ್ತೀಚಿನದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿರುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು; ಎಥನಾಲಿಗೆ 9 ಗ್ರಾಂ ಸಾಕು; ಬೆರಕೆಗೆ ಸುಮಾರು 13.5 ಗ್ರಾಂ. ಹಳೆಯ ಕಾರ್ಬ್ಯುರೇಟರಿಗೆ ಇದು ತಿಳಿಯದು. ಅದು ಹಿಂದಿನ ಅಳತೆಯಲ್ಲಿಯೇ ಸುರಿಸುತ್ತದೆ. ಆದುದರಿಂದ ಮಿಶ್ರಣ ಶೇಕಡ 8ರಷ್ಟು ಬಡವಾಗುತ್ತದೆ. ಅಲ್ಲದೆ ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲಿನ ನಳಿಕೆಗಳನ್ನು ಹೊಸ ಬಗೆಯ ರಬ್ಬರಿನವುಗಳಿಂದ ಬದಲಾಯಿಸುವುದು, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟಾಕಿಯನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುವುದು ಒಳ್ಳೆಯದು.

ಮಿಶ್ರಣದ ಸ್ಥಿತಿಯನ್ನು ಹೇಳುವ ಸಾಕ್ಷಿ ಸ್ಪಾರ್ಕ್ ಪ್ಲಗ್ಗು. ಗಾಡಿಯನ್ನು ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ತಣಿದ ಮೇಲೆ ಅದನ್ನು ಬಿಚ್ಚಿ ನೋಡಿರಿ. ತುದಿಯ ಪಿಂಗಾಣಿ ತಿಳಿಗಂದು ಬಣ್ಣವಾಗಿದ್ದರೆ ಎಲ್ಲವೂ ಸರಿ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು. ಬಿಳಿಚಿಕೊಂಡಿದ್ದರೆ ಮಿಶ್ರಣ ಬಡವಾಗಿದೆ, ಅಪಾಯ ಹತ್ತಿರವಿದೆ. ಆಗ ರಬ್ಬರಿನ ಬಿರುಕನ್ನು ಹುಡುಕಬೇಕು, ಇಲ್ಲವೆ ಅನುಭವಿಗಳಿಂದ ಒಂದು ಅಳತೆ ದೊಡ್ಡದಾದ ಜೆಟ್ಟನ್ನು ಹಾಕಿಸಬೇಕು.

ಮಸಿ. ಸುಟ್ಟ ಎಣ್ಣೆಯ ಕರಿ ಹೊಗೆಯ ದ್ವಾರದಲ್ಲಿಯೂ ಸೈಲೆನ್ಸರಿನ ತಡೆಗೊಳವೆಯಲ್ಲಿಯೂ ಕಟ್ಟಿಕೊಳ್ಳುತ್ತದೆ. ದಾರಿ ಕಿರಿದಾದಂತೆ ಗಾಡಿ ಮಂಕಾಗುತ್ತದೆ. ತಡೆಗೊಳವೆಯನ್ನು ಬಿಚ್ಚಿ, ತಂತಿಯ ಕುಂಚದಿಂದ ಕೆರೆದು, ಮರಳಿ ಕೂಡಿಸಿದರೆ ಕಳೆದುಹೋದ ಶಕ್ತಿ ಹಿಂದಿರುಗುತ್ತದೆ. ತಡೆಗೊಳವೆ ಕಿತ್ತಮೇಲೆ ಗಾಡಿ ಚುರುಕಾಯಿತೆಂದು ಹೇಳುವವರಲ್ಲಿ ಹಲವರ ಅನುಭವದ ಮರ್ಮ ಇದೇ ಇರಬಹುದು. ಹೋದದ್ದು ಮಸಿ, ಕೀರ್ತಿ ಮಾತ್ರ ಸದ್ದಿಗೆ!

ಕೆಲಸ ಮಾಡುವಾಗ ಕೆಲವು ಎಚ್ಚರಿಕೆಗಳು ಅವಶ್ಯ. ಪೆಟ್ರೋಲಿನ ಬಳಿ ಬೆಂಕಿ, ಬೀಡಿ ಕೂಡದು. ಮುಚ್ಚಿದ ಕೋಣೆಯಲ್ಲಿ ಎಂಜಿನು ಓಡಿಸಬಾರದು. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಹಳೆಯ ಬ್ರೇಕಿನ ಧೂಳಿನಲ್ಲಿ ಕಲ್ನಾರಿನ ಎಳೆಗಳಿರಬಹುದಾದುದರಿಂದ ಅದನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಯಂತ್ರವನ್ನು ಬದಲಿಸುವ ಹಕ್ಕು ಅದನ್ನು ಅರಿತವನಿಗೆ ಮಾತ್ರ ಬರುತ್ತದೆ. ಅರಿತವನು ಬದಲಿಸಲು ಆತುರಪಡುವುದಿಲ್ಲ. ಮೊದಲು ಅಳೆಯಿರಿ, ಬರೆದಿಡಿರಿ, ಮೂಲದ ಅಳತೆಗೆ ಮರಳಿಸಿರಿ. ಒಂದು ಪಾನಾ, ಒಂದು ತೆರಪಿನ ಗೇಜು, ಒಂದು ನೋಟುಪುಸ್ತಕ ಇದ್ದರೆ ಮನೆಯ ಅಂಗಳವೇ ಪ್ರಯೋಗಶಾಲೆಯಾಗುತ್ತದೆ.

ಅಭ್ಯಾಸ

1. ಎಂಜಿನು ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಅರ್ಧ ಸುತ್ತಿಗೆ ಎಷ್ಟು ಕಾಲ? ಕಾದ ಹೊಗೆಯಲ್ಲಿ ಅಲೆಯು ಅಷ್ಟರಲ್ಲಿ ಎಷ್ಟು ದೂರ ಹೋಗಿಬರಬಲ್ಲುದು?

2. ಸಿಲಿಂಡರನ್ನು 50ರಿಂದ 51 ಮಿಲಿಮೀಟರಿಗೆ ಕೊರೆಯಿಸಿದರೆ ಗಾತ್ರ ಎಷ್ಟಾಗುತ್ತದೆ? ಶೇಕಡ ಎಷ್ಟು ಹೆಚ್ಚಿತು?

3. ಬೇಸಿಗೆಯ 42 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಎಷ್ಟು ವಿರಳ? ಇದರಿಂದ ಮಿಶ್ರಣವು ಬಡವಾಗುವುದೋ, ದಟ್ಟವಾಗುವುದೋ?